ಇ-ಅಂಚೆ ಸರ್ವರ್‌ನಲ್ಲಿ ಸ್ಪ್ಯಾಮ್ ಮತ್ತು ವೈರಸ್ ಶೋಧನೆ

ಇ-ಅಂಚೆ ಶೋಧನೆ ಎಂದರೆ ಸರ್ವರ್‌ಗೆ ಬರುವ ಪತ್ರಗಳನ್ನು ಬಳಕೆದಾರರ ಅಂಚೆಪೆಟ್ಟಿಗೆಗೆ ಸೇರುವ ಮುನ್ನವೇ ಪರೀಕ್ಷಿಸಿ, ಸಗಟು ಜಾಹೀರಾತು, ವಂಚನೆಯ ಪತ್ರ ಹಾಗೂ ವೈರಸ್ ಹೊತ್ತ ಲಗತ್ತುಗಳನ್ನು ಬೇರ್ಪಡಿಸುವ ವ್ಯವಸ್ಥೆ. ಕೇಳದೆಯೇ ರಾಶಿ ರಾಶಿಯಾಗಿ ಬರುವ ಪತ್ರಗಳಿಗೆ ಸ್ಪ್ಯಾಮ್ ಎಂಬ ಹೆಸರು ರೂಢಿಯಲ್ಲಿದೆ. ಪ್ರತಿಯೊಬ್ಬರ ಗಣಕಯಂತ್ರದಲ್ಲಿಯೂ ಇಂತಹ ಶೋಧನೆ ಸಾಧ್ಯವಿದೆಯಾದರೂ, ಸರ್ವರ್‌ನಲ್ಲಿ ಮಾಡಿದಾಗ ಸಂಸ್ಥೆಯ ಎಲ್ಲ ಬಳಕೆದಾರರಿಗೂ ಒಂದೇ ಕಡೆ ರಕ್ಷಣೆ ದೊರೆಯುತ್ತದೆ. ಅದಕ್ಕಿಂತ ಮುಖ್ಯವಾದ ಅನುಕೂಲವೊಂದಿದೆ: ಪತ್ರವು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ಅದನ್ನು ಬೇಡವೆಂದು ಹಿಂದಿರುಗಿಸುವ ಅವಕಾಶ ಸರ್ವರ್‌ಗೆ ಮಾತ್ರ ಇರುತ್ತದೆ.

ಕಸವನ್ನು ತಡೆಯುವುದೊಂದೇ ಗುರಿಯಾಗಿದ್ದರೆ ಈ ಕೆಲಸ ಬಹಳ ಸುಲಭ. ಯಾವ ಪತ್ರವನ್ನೂ ಒಳಗೆ ಬಿಡದಿದ್ದರೆ ಮುಗಿಯಿತು. ನಿಜವಾದ ಕಷ್ಟವಿರುವುದು ಜೊಳ್ಳಿನೊಂದಿಗೆ ಕಾಳು ಹಾರಿಹೋಗದಂತೆ ಕೇರುವುದರಲ್ಲಿ. ನಾಲ್ಕು ಜಾಹೀರಾತುಗಳು ನುಸುಳಿ ಬಂದರೆ ಓದುಗನಿಗೆ ಕೆಲವು ಕ್ಷಣಗಳ ಕಿರಿಕಿರಿ, ಅಷ್ಟೆ. ಆದರೆ ಉದ್ಯೋಗದ ಸಂದರ್ಶನಕ್ಕೆ ಕರೆದ ಪತ್ರವೋ ಆಸ್ಪತ್ರೆಯ ವರದಿಯೋ ಸದ್ದಿಲ್ಲದೆ ಕಸದ ಬುಟ್ಟಿಗೆ ಬಿದ್ದರೆ, ಕಳುಹಿಸಿದವರು ಅದು ತಲುಪಿತೆಂದು ನಂಬಿರುತ್ತಾರೆ. ಪಡೆಯಬೇಕಾದವರಿಗೆ ಅಂತಹ ಪತ್ರವಿತ್ತೆಂಬುದೇ ತಿಳಿಯುವುದಿಲ್ಲ. ಸರ್ವರ್‌ನ ಶೋಧನೆಯನ್ನು ರೂಪಿಸುವಾಗ ತೆಗೆದುಕೊಳ್ಳುವ ಬಹುತೇಕ ನಿರ್ಧಾರಗಳ ಹಿಂದೆ ಈ ಎರಡನೆಯ ಅಪಾಯದ ಎಣಿಕೆಯಿದೆ.

ಹಿನ್ನೆಲೆ

ಅಂತರಜಾಲದಲ್ಲಿ ಪತ್ರಗಳನ್ನು ಸಾಗಿಸುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. ಜಾನ್ ಪೋಸ್ಟೆಲ್ ಇದನ್ನು 1982ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಾಗಿ ಪ್ರಕಟಿಸಿದರು. ಆಗ ಜಾಲವನ್ನು ಬಳಸುತ್ತಿದ್ದವರು ಬಹುಮಟ್ಟಿಗೆ ಒಬ್ಬರಿಗೊಬ್ಬರು ಪರಿಚಿತರಾದ ಸಂಶೋಧಕರು. ಕಳುಹಿಸುವವನು ತನ್ನ ಹೆಸರನ್ನು ಸರಿಯಾಗಿಯೇ ಹೇಳುತ್ತಾನೆಂಬ ನಂಬಿಕೆಯ ಮೇಲೆ ಈ ನಿಯಮಾವಳಿ ನಿಂತಿದೆ. ಹೇಳಿದ ಹೆಸರನ್ನು ಪರಿಶೀಲಿಸುವ ಯಾವ ಏರ್ಪಾಡೂ ಮೂಲದಲ್ಲಿ ಇರಲಿಲ್ಲ. ಮುಂದೆ ಬಂದ ತೊಂದರೆಗಳ ಬೇರು ಇಲ್ಲಿದೆ.

ಎಸ್‌ಎಂಟಿಪಿಗಿಂತ ಮೊದಲೇ ಸ್ಪ್ಯಾಮ್ ಹುಟ್ಟಿತ್ತು. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕಯಂತ್ರ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥುರ್ಕ್, ಆರ್ಪಾನೆಟ್ ಜಾಲದ ಸುಮಾರು 400 ಜನರಿಗೆ ತಮ್ಮ ಹೊಸ ಯಂತ್ರಗಳ ಪ್ರದರ್ಶನಕ್ಕೆ ಬರಬೇಕೆಂದು ಒಂದೇ ಪತ್ರ ಕಳುಹಿಸಿದರು. ಇದನ್ನು ಮೊದಲ ಸಗಟು ಜಾಹೀರಾತು ಪತ್ರವೆಂದು ಗುರುತಿಸಲಾಗುತ್ತದೆ. ಸ್ಪ್ಯಾಮ್ ಎಂಬ ಹೆಸರು ಮಾತ್ರ ಆ ಮೇಲೆ ಬಂದದ್ದು. ಅದು ಮೂಲತಃ ಅಮೆರಿಕದ ಹಾರ್ಮೆಲ್ ಕಂಪನಿಯು ಡಬ್ಬಿಯಲ್ಲಿ ಮಾರುವ ಮಾಂಸದ ಹೆಸರು. ಬ್ರಿಟನ್ನಿನ ಮಾಂಟಿ ಪೈಥಾನ್ ತಂಡದ 1970ರ ಹಾಸ್ಯ ಪ್ರಸಂಗವೊಂದರಲ್ಲಿ ಹೋಟೆಲಿನ ಬಹುತೇಕ ತಿಂಡಿಗಳಲ್ಲಿಯೂ ಸ್ಪ್ಯಾಮ್ ಇರುತ್ತದೆ, ಬೇರೆ ಮಾತೇ ಕೇಳಿಸದಷ್ಟು ಸಲ ಆ ಪದ ಪುನರುಚ್ಚಾರವಾಗುತ್ತದೆ. ಬೇರೆ ಮಾತನ್ನೆಲ್ಲ ಮುಳುಗಿಸಿಬಿಡುವ ಪತ್ರಗಳಿಗೆ ಆ ಹೆಸರು ಅಂಟಿಕೊಂಡಿತು.

ವೈರಸ್‌ಗಳು ಇ-ಅಂಚೆಯನ್ನು ವಾಹನವಾಗಿ ಮಾಡಿಕೊಂಡದ್ದು 1990ರ ದಶಕದ ಕೊನೆಗೆ. 1999ರ ಮಾರ್ಚ್‌ನ ಮೆಲಿಸ್ಸಾ ವೈರಸ್ ವರ್ಡ್ ಕಡತದೊಳಗಿನ ಮ್ಯಾಕ್ರೋ ರೂಪದಲ್ಲಿ ಬಂದು, ಬಳಕೆದಾರನ ವಿಳಾಸ ಪಟ್ಟಿಯ ಮೊದಲ 50 ಜನರಿಗೆ ತನ್ನನ್ನು ತಾನೇ ಕಳುಹಿಸಿಕೊಂಡಿತು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ಪತ್ರವು ಪ್ರೇಮಪತ್ರದ ವೇಷದಲ್ಲಿತ್ತು. ಲಗತ್ತಿನ ಹೆಸರಿನಲ್ಲಿ ಪಠ್ಯ ಕಡತದ ಗುರುತು ಕಾಣುತ್ತಿದ್ದರೂ ಅದರ ಬಾಲದಲ್ಲಿ ಅಡಗಿದ್ದುದು ಚಾಲನೆಗೊಳ್ಳಬಲ್ಲ ಕ್ರಮವಿಧಿ. ಇವೆರಡೂ ಪರಿಚಿತರ ವಿಳಾಸದಿಂದಲೇ ಬರುತ್ತಿದ್ದುದರಿಂದ ‘ಅಪರಿಚಿತರ ಪತ್ರ ತೆರೆಯಬೇಡಿ’ ಎಂಬ ಎಚ್ಚರಿಕೆ ನಿಷ್ಫಲವಾಯಿತು. ಸರ್ವರ್‌ನಲ್ಲೇ ಲಗತ್ತುಗಳನ್ನು ಪರೀಕ್ಷಿಸುವ ಪದ್ಧತಿ ಈ ಅನುಭವಗಳಿಂದ ಬಲಗೊಂಡಿತು.

2004ರ ಜನವರಿಯಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯಲ್ಲಿ ಬಿಲ್ ಗೇಟ್ಸ್ ಅವರು ಎರಡು ವರ್ಷಗಳಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತದೆ ಎಂದಿದ್ದರು. ಎರಡು ದಶಕ ಕಳೆದರೂ ಅದು ಬಗೆಹರಿದಿಲ್ಲ. 2008ರ ನವೆಂಬರ್ 11ರಂದು ಕ್ಯಾಲಿಫೋರ್ನಿಯಾದ ಮೆಕೋಲೋ ಎಂಬ ಒಂದೇ ಸಂಸ್ಥೆಯ ಅಂತರಜಾಲ ಸಂಪರ್ಕವನ್ನು ಕಡಿದಾಗ ಜಗತ್ತಿನಾದ್ಯಂತ ಸ್ಪ್ಯಾಮ್ ಪ್ರಮಾಣ ಥಟ್ಟನೆ ಇಳಿಯಿತು. ವೈರಸ್ ತಗುಲಿದ ಮನೆ ಮನೆಯ ಯಂತ್ರಗಳ ಪಡೆಗಳನ್ನು ಆಳುತ್ತಿದ್ದ ಸರ್ವರ್‌ಗಳು ಅಲ್ಲಿದ್ದುದೇ ಇದಕ್ಕೆ ಕಾರಣ. ಕೆಲವು ತಿಂಗಳುಗಳಲ್ಲಿ ಅದು ಮತ್ತೆ ಏರಿತು. ವೈರಸ್ ಮತ್ತು ಸ್ಪ್ಯಾಮ್ ಬೇರೆ ಬೇರೆ ಪಿಡುಗುಗಳಲ್ಲ, ಒಂದು ಇನ್ನೊಂದಕ್ಕೆ ಆಳುಗಳನ್ನು ಒದಗಿಸುತ್ತದೆ ಎಂಬುದಕ್ಕೆ ಈ ಪ್ರಕರಣ ಒಳ್ಳೆಯ ನಿದರ್ಶನ.

ಪತ್ರ ಬಾಗಿಲಿಗೆ ಬರುವ ಬಗೆ

ಶೋಧನೆಯನ್ನು ಅರಿಯಲು ಎರಡು ಸರ್ವರ್‌ಗಳ ನಡುವಿನ ಸಂಭಾಷಣೆಯನ್ನು ತಿಳಿದಿರಬೇಕು. ಕಳುಹಿಸುವ ಸರ್ವರ್ ಸ್ವೀಕರಿಸುವ ಸರ್ವರ್‌ನ 25ನೆಯ ಪೋರ್ಟ್‌ಗೆ ಸಂಪರ್ಕಿಸಿ ಮೊದಲು ತನ್ನ ಹೆಸರು ಹೇಳುತ್ತದೆ. ಬಳಿಕ ಪತ್ರ ಯಾರಿಂದ, ಯಾರಿಗೆ ಎಂಬುದನ್ನು ತಿಳಿಸುತ್ತದೆ. ಕೊನೆಗೆ ಪತ್ರವನ್ನು ಒಪ್ಪಿಸುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಸ್ವೀಕರಿಸುವ ಸರ್ವರ್ ಮೂರು ಅಂಕಿಗಳ ಉತ್ತರ ಕೊಡುತ್ತದೆ. 2ರಿಂದ ಆರಂಭವಾಗುವ ಉತ್ತರ ಸಮ್ಮತಿ. 4ರಿಂದ ಆರಂಭವಾದರೆ ‘ಈಗ ಆಗದು, ಆಮೇಲೆ ಬನ್ನಿ’. 5ರಿಂದ ಆರಂಭವಾದರೆ ಖಚಿತ ನಿರಾಕರಣೆ.

ಇಲ್ಲಿ ಹೇಳುವ ‘ಯಾರಿಂದ’ ಎಂಬುದು ಲಕೋಟೆಯ ಮೇಲಿನ ವಿಳಾಸಕ್ಕೆ ಸಮಾನ. ಓದುಗನಿಗೆ ಕಾಣುವ ಹೆಸರು ಪತ್ರದೊಳಗಿನ ತಲೆಬರಹದಲ್ಲಿರುತ್ತದೆ. ಕಾಗದದ ಅಂಚೆಯಲ್ಲಿ ಲಕೋಟೆಯ ಮೇಲೊಂದು ಹೆಸರು ಬರೆದು ಒಳಗೆ ಇನ್ನೊಂದು ಹೆಸರಿನಲ್ಲಿ ಸಹಿ ಹಾಕಬಹುದಾದಂತೆ, ಇ-ಅಂಚೆಯಲ್ಲಿಯೂ ಇವೆರಡೂ ಬೇರೆ ಬೇರೆ ಇರಬಹುದು. ವಂಚಕರು ಈ ಬಿರುಕನ್ನು ಚೆನ್ನಾಗಿ ಬಲ್ಲರು.

ಪತ್ರವನ್ನು ಪೂರ್ತಿ ಪಡೆದ ಮೇಲೆ ಸ್ವೀಕರಿಸುವ ಸರ್ವರ್ 250 ಎಂಬ ಉತ್ತರ ಕೊಟ್ಟಿತೆಂದರೆ ಜವಾಬ್ದಾರಿ ಕೈ ಬದಲಾಯಿಸಿತು ಎಂದರ್ಥ. ಅಲ್ಲಿಂದ ಮುಂದೆ ಪತ್ರವನ್ನು ತಲುಪಿಸುವುದು, ತಲುಪಿಸಲಾಗದಿದ್ದರೆ ಆ ಸಂಗತಿಯನ್ನು ಕಳುಹಿಸಿದವರಿಗೆ ತಿಳಿಸುವುದು ಸ್ವೀಕರಿಸಿದ ಸರ್ವರ್‌ನ ಕರ್ತವ್ಯ. ರಿಜಿಸ್ಟರ್ ಅಂಚೆಗೆ ಸಹಿ ಹಾಕಿದಂತೆ ಇದು. ಆದ್ದರಿಂದ ಸಂಶಯವಿರುವ ಪತ್ರವನ್ನು ಸಹಿ ಹಾಕುವ ಮುನ್ನ ಪರೀಕ್ಷಿಸಬೇಕೇ, ಹಾಕಿದ ಮೇಲೆ ಪರೀಕ್ಷಿಸಬೇಕೇ ಎಂಬುದು ಈ ಕ್ಷೇತ್ರದ ಮುಖ್ಯ ಪ್ರಶ್ನೆಗಳಲ್ಲೊಂದು.

ಬಾಗಿಲಲ್ಲಿಯೇ ಪರೀಕ್ಷೆ

ಪತ್ರದ ಒಳಗನ್ನು ಓದುವುದಕ್ಕೆ ಯಂತ್ರದ ಸಮಯ ಮತ್ತು ಸ್ಮೃತಿ ಖರ್ಚಾಗುತ್ತದೆ. ಹಾಗಾಗಿ ಅಗ್ಗದ ಪರೀಕ್ಷೆಗಳನ್ನು ಮೊದಲು, ದುಬಾರಿಯಾದವನ್ನು ಕೊನೆಗೆ ನಡೆಸುವುದು ರೂಢಿ. ಸರ್ವರ್‌ನಲ್ಲಿ ಇಲ್ಲದ ವಿಳಾಸಕ್ಕೆ ಬಂದ ಪತ್ರವನ್ನು ಸಂಭಾಷಣೆಯಲ್ಲೇ ನಿರಾಕರಿಸುವುದು ಇವುಗಳಲ್ಲಿ ಅತ್ಯಂತ ಸರಳವಾದದ್ದು. ಸ್ಪ್ಯಾಮ್ ಕಳುಹಿಸುವವರು ಊಹೆಯ ಮೇಲೆ ಸಾವಿರಾರು ಹೆಸರುಗಳನ್ನು ಪ್ರಯತ್ನಿಸುವುದರಿಂದ ಇದೊಂದರಿಂದಲೇ ಸಾಕಷ್ಟು ಹೊರೆ ಇಳಿಯುತ್ತದೆ.

ಸಂಪರ್ಕಿಸುವ ಯಂತ್ರದ ಐಪಿ ವಿಳಾಸವನ್ನು ಕಪ್ಪುಪಟ್ಟಿಗಳೊಂದಿಗೆ ಹೋಲಿಸುವುದು ಮತ್ತೊಂದು ವಿಧಾನ. ಪಾಲ್ ವಿಕ್ಸಿ 1997ರಲ್ಲಿ ಆರಂಭಿಸಿದ ಆರ್‌ಬಿಎಲ್ ಈ ಬಗೆಯ ಮೊದಲ ಪ್ರಸಿದ್ಧ ಪಟ್ಟಿ. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಸ್ಥಾಪಿಸಿದ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಟ್ಟಿಗಳು ಇಂದು ವ್ಯಾಪಕ ಬಳಕೆಯಲ್ಲಿವೆ. ಪಟ್ಟಿಯನ್ನು ವಿಚಾರಿಸಲು ಡಿಎನ್‌ಎಸ್ ವ್ಯವಸ್ಥೆಯನ್ನೇ ಬಳಸುತ್ತಾರೆ. 192.0.2.25 ಎಂಬ ವಿಳಾಸದಿಂದ ಸಂಪರ್ಕ ಬಂದರೆ, ಅದನ್ನು ಹಿಂದುಮುಂದಾಗಿಸಿ 25.2.0.192 ಎಂದು ಬರೆದು, ಅದರ ಮುಂದೆ ಪಟ್ಟಿಯ ಡೊಮೇನ್ ಹೆಸರನ್ನು ಸೇರಿಸಿ ಪ್ರಶ್ನಿಸಲಾಗುತ್ತದೆ. 127.0.0.2ರಂತಹ ಉತ್ತರ ಬಂದರೆ ಹೆಸರು ಪಟ್ಟಿಯಲ್ಲಿದೆ. ಉತ್ತರವೇ ಇಲ್ಲದಿದ್ದರೆ ಪಟ್ಟಿಯಲ್ಲಿಲ್ಲ.

ಕಪ್ಪುಪಟ್ಟಿಯನ್ನು ನಂಬುವುದೆಂದರೆ ಸಂಸ್ಥೆಯ ಬಾಗಿಲ ಕೀಲಿಯನ್ನು ಹೊರಗಿನವರ ಕೈಗೆ ಕೊಟ್ಟಂತೆ ಎಂಬುದನ್ನು ಮರೆಯಬಾರದು. ಓಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ಸ್ಥಗಿತಗೊಂಡಿತು. ಆದರೂ ಅನೇಕ ಸರ್ವರ್‌ಗಳು ಅದನ್ನು ವಿಚಾರಿಸುತ್ತಲೇ ಇದ್ದವು. 2008ರ ಮಾರ್ಚ್‌ನಲ್ಲಿ ಅದು ಕೇಳಿದ ಪ್ರತಿಯೊಂದು ವಿಳಾಸವನ್ನೂ ‘ಪಟ್ಟಿಯಲ್ಲಿದೆ’ ಎಂದು ಉತ್ತರಿಸತೊಡಗಿದಾಗ, ಸಂರಚನೆಯನ್ನು ಪರಿಷ್ಕರಿಸದೆ ಬಿಟ್ಟಿದ್ದ ಸರ್ವರ್‌ಗಳು ತಮಗೆ ಬಂದ ಎಲ್ಲ ಪತ್ರಗಳನ್ನೂ ತಿರಸ್ಕರಿಸಿದವು.

ಗ್ರೇಲಿಸ್ಟಿಂಗ್ ಎಂಬ ಉಪಾಯವನ್ನು ಇವಾನ್ ಹ್ಯಾರಿಸ್ 2003ರಲ್ಲಿ ಪ್ರಕಟಿಸಿದರು. ಹಿಂದೆಂದೂ ಕಾಣದ ಕಡೆಯಿಂದ ಪತ್ರ ಬಂದಾಗ ಸರ್ವರ್ ‘ಆಮೇಲೆ ಬನ್ನಿ’ ಎಂಬ 4ರ ಸರಣಿಯ ಉತ್ತರ ಕೊಡುತ್ತದೆ. ನಿಯಮ ಪಾಲಿಸುವ ಸರ್ವರ್ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತಿನ ನಂತರ ಮತ್ತೆ ಬರುತ್ತದೆ. ಅವಸರದಲ್ಲಿ ಲಕ್ಷಗಟ್ಟಲೆ ಕಳುಹಿಸುವ ಸ್ಪ್ಯಾಮ್ ಯಂತ್ರ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಮನೆಯ ಬಾಗಿಲಲ್ಲಿ ‘ನಾಳೆ ಬಾ’ ಎಂದು ಬರೆದು ಮಾರಿಯನ್ನು ಹಿಂದಕ್ಕೆ ಕಳುಹಿಸುತ್ತಿದ್ದ ನಮ್ಮ ಹಳ್ಳಿಗಳ ನಂಬಿಕೆಯನ್ನು ಬಲ್ಲವರಿಗೆ ಇದರ ತತ್ತ್ವ ಹೊಸದೆನಿಸದು. ಇದರ ದೋಷವೂ ಅಲ್ಲಿಯೇ ಇದೆ: ಕೆಲವೇ ನಿಮಿಷ ಚಾಲ್ತಿಯಲ್ಲಿರುವ ಒಂದು ಬಾರಿಯ ಗುಪ್ತಸಂಖ್ಯೆಯನ್ನು ಹೊತ್ತ ಪತ್ರವೂ ‘ನಾಳೆ’ ಬರಬೇಕಾಗುತ್ತದೆ.

ಪೋಸ್ಟ್‌ಫಿಕ್ಸ್ ತಂತ್ರಾಂಶದ ಪೋಸ್ಟ್‌ಸ್ಕ್ರೀನ್ ಎಂಬ ಅಂಗವು ಇನ್ನೊಂದು ಜಾಣ್ಮೆಯ ಪರೀಕ್ಷೆ ಮಾಡುತ್ತದೆ. ಎಸ್‌ಎಂಟಿಪಿ ಸಂಭಾಷಣೆಯಲ್ಲಿ ಮೊದಲು ಮಾತನಾಡಬೇಕಾದದ್ದು ಸ್ವೀಕರಿಸುವ ಸರ್ವರ್. ಪೋಸ್ಟ್‌ಸ್ಕ್ರೀನ್ ಸ್ವಾಗತದ ಸಾಲಿನ ಒಂದು ಭಾಗವನ್ನಷ್ಟೇ ಹೇಳಿ ಕೆಲವು ಸೆಕೆಂಡು ಸುಮ್ಮನಾಗುತ್ತದೆ. ಸಾಲು ಪೂರ್ಣವಾಗುವ ಮೊದಲೇ ಬಾಯಿ ತೆರೆದ ಯಂತ್ರ ಸಿಕ್ಕಿಬೀಳುತ್ತದೆ.

ಕಳುಹಿಸಿದವರ ಗುರುತು

ಮೂಲ ನಿಯಮಾವಳಿಯಲ್ಲಿ ಇಲ್ಲದಿದ್ದ ಗುರುತಿನ ಪರಿಶೀಲನೆಯನ್ನು ಆನಂತರ ಮೂರು ವ್ಯವಸ್ಥೆಗಳು ತುಂಬಿಕೊಟ್ಟವು. ಎಸ್‌ಪಿಎಫ್ ಪ್ರಕಾರ ಡೊಮೇನ್‌ನ ಒಡೆಯರು ತಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬುದನ್ನು ಡಿಎನ್‌ಎಸ್‌ನಲ್ಲಿ ಪ್ರಕಟಿಸುತ್ತಾರೆ. ಇದು ಲಕೋಟೆಯ ವಿಳಾಸವನ್ನು ಮಾತ್ರ ನೋಡುತ್ತದೆ. ಪತ್ರವನ್ನು ಒಂದು ವಿಳಾಸದಿಂದ ಇನ್ನೊಂದಕ್ಕೆ ತಾನಾಗಿಯೇ ರವಾನಿಸುವಂತೆ ಮಾಡಿದ್ದರೆ ಸಾಚಾ ಪತ್ರವೂ ಈ ಪರೀಕ್ಷೆಯಲ್ಲಿ ಸೋಲಬಹುದು. ಡಿಕಿಮ್ ವ್ಯವಸ್ಥೆಯಲ್ಲಿ ಕಳುಹಿಸುವ ಸರ್ವರ್ ಪತ್ರಕ್ಕೆ ಗೂಢಲಿಪಿಯ ಸಹಿ ಹಾಕುತ್ತದೆ, ಸಹಿಯನ್ನು ತಾಳೆ ನೋಡುವ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ದಾರಿಯಲ್ಲಿ ಯಾರಾದರೂ ಸಹಿಗೊಳಪಟ್ಟ ಭಾಗವನ್ನು ತಿದ್ದಿದರೆ ಸಹಿ ಹೊಂದುವುದಿಲ್ಲ.

2015ರಲ್ಲಿ ಆರ್‌ಎಫ್‌ಸಿ 7489 ಆಗಿ ಪ್ರಕಟವಾದ ಡಿಮಾರ್ಕ್ ಇವೆರಡನ್ನೂ ಓದುಗನಿಗೆ ಕಾಣುವ ಹೆಸರಿಗೆ ಗಂಟು ಹಾಕುತ್ತದೆ. ಎರಡರಲ್ಲಿ ಒಂದಾದರೂ ಆ ಹೆಸರಿನ ಡೊಮೇನ್‌ಗೆ ಹೊಂದದಿದ್ದರೆ ಏನು ಮಾಡಬೇಕು, ಸುಮ್ಮನೆ ಗಮನಿಸಬೇಕೇ, ಪ್ರತ್ಯೇಕವಾಗಿಡಬೇಕೇ, ತಿರಸ್ಕರಿಸಬೇಕೇ ಎಂಬುದನ್ನು ಡೊಮೇನ್‌ನ ಒಡೆಯರೇ ಸೂಚಿಸುತ್ತಾರೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಗಟು ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು.

ಈ ಪರೀಕ್ಷೆಗಳು ಹೇಳುವುದು ಪತ್ರ ಯಾರದು ಎಂಬುದನ್ನು, ಅದು ಒಳ್ಳೆಯದು ಎಂಬುದನ್ನಲ್ಲ. ವಂಚಕನೂ ಹೊಸ ಡೊಮೇನ್ ಕೊಂಡು ಮೂರನ್ನೂ ಚೊಕ್ಕವಾಗಿ ಅಳವಡಿಸಿಕೊಳ್ಳಬಹುದು, ಅಳವಡಿಸಿಕೊಳ್ಳುತ್ತಾನೆ ಕೂಡ.

ಪತ್ರದೊಳಗಿನ ಪರೀಕ್ಷೆ

ಬಾಗಿಲು ದಾಟಿದ ಪತ್ರವನ್ನು ಓದಿ ತೂಗುವ ತಂತ್ರಾಂಶಗಳಲ್ಲಿ ಸ್ಪ್ಯಾಮ್‌ಅಸ್ಯಾಸಿನ್ ಪ್ರಸಿದ್ಧ. ಜಸ್ಟಿನ್ ಮೇಸನ್ 2001ರಲ್ಲಿ ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶವನ್ನು ಈಗ ಅಪಾಚೆ ಪ್ರತಿಷ್ಠಾನ ನಿರ್ವಹಿಸುತ್ತಿದೆ. ಇದರಲ್ಲಿ ನೂರಾರು ನಿಯಮಗಳಿವೆ. ವಿಷಯದ ಸಾಲು ಪೂರ್ತಿ ದೊಡ್ಡಕ್ಷರಗಳಲ್ಲಿದ್ದರೆ ಇಷ್ಟು, ಕಪ್ಪುಪಟ್ಟಿಯಲ್ಲಿರುವ ಜಾಲತಾಣದ ಕೊಂಡಿಯಿದ್ದರೆ ಇಷ್ಟು ಎಂದು ಪ್ರತಿಯೊಂದಕ್ಕೂ ಅಂಕವಿದೆ; ಒಳ್ಳೆಯ ಲಕ್ಷಣಗಳಿಗೆ ಋಣಾಂಕ. ಒಟ್ಟು ಮೊತ್ತ 5.0 ಮುಟ್ಟಿದರೆ ಪತ್ರವನ್ನು ಸ್ಪ್ಯಾಮ್ ಎಂದು ಗುರುತಿಸುವುದು ಮೂಲ ಸಂರಚನೆ. ಬಹುತೇಕ ನಿಯಮಗಳ ಅಂಕ ಐದಕ್ಕಿಂತ ಕಡಿಮೆ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಶಿಕ್ಷೆ ವಿಧಿಸಬಾರದೆಂಬ ನ್ಯಾಯಾಲಯದ ವಿವೇಕ ಇದರಲ್ಲಿದೆ.

ನಿಯಮಗಳು ತಪ್ಪುವುದುಂಟು. ದೂರದ ಭವಿಷ್ಯದ ದಿನಾಂಕ ಹೊತ್ತ ಪತ್ರಗಳನ್ನು ಹಿಡಿಯಲು ಬರೆದ ನಿಯಮವೊಂದು 2010ರಿಂದ 2099ರವರೆಗಿನ ಎಲ್ಲ ಇಸವಿಗಳನ್ನೂ ಸಂಶಯಾಸ್ಪದವೆಂದು ಎಣಿಸುತ್ತಿತ್ತು. ಬರೆದಾಗ ಅದು ಸರಿಯಾಗಿಯೇ ಇತ್ತು. 2010ರ ಜನವರಿ 1 ಬೆಳಗಾದಾಗ, ಆ ನಿಯಮವನ್ನು ಇನ್ನೂ ಇಟ್ಟುಕೊಂಡಿದ್ದ ಸರ್ವರ್‌ಗಳಲ್ಲಿ ಅಂದು ಬಂದ ಪ್ರತಿ ಪತ್ರಕ್ಕೂ, ಹೊಸ ವರ್ಷದ ಶುಭಾಶಯವೂ ಸೇರಿ, ಎರಡರಿಂದ ಮೂರೂವರೆ ಅಂಕಗಳ ದಂಡ ಬಿದ್ದಿತು. ಇನ್ನೊಂದು ಸಣ್ಣ ಸಂಶಯ ಸೇರಿದರೂ ಐದು ತುಂಬುತ್ತಿತ್ತು.

ಬೇಯ್ಸ್ ವಿಧಾನವು ನಿಯಮಗಳ ಬದಲು ಕಲಿಕೆಯನ್ನು ಅವಲಂಬಿಸುತ್ತದೆ. 18ನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರ ಸಂಭಾವ್ಯತಾ ಪ್ರಮೇಯ ಇದರ ತಳಹದಿ. ಪಾಲ್ ಗ್ರಹಾಂ 2002ರ ಆಗಸ್ಟ್‌ನಲ್ಲಿ ಬರೆದ ಪ್ರಬಂಧದ ನಂತರ ಇದು ಸ್ಪ್ಯಾಮ್ ಶೋಧನೆಯಲ್ಲಿ ಜನಪ್ರಿಯವಾಯಿತು. ಬಳಕೆದಾರರು ಬೇರ್ಪಡಿಸಿಕೊಟ್ಟ 200 ಕಸದ ಪತ್ರಗಳಲ್ಲಿ 100ರಲ್ಲಿ, 200 ಸಾಚಾ ಪತ್ರಗಳಲ್ಲಿ 2ರಲ್ಲಿ ‘ಲಾಟರಿ’ ಎಂಬ ಪದವಿದ್ದಿತೆನ್ನೋಣ. ಎರಡು ಬಗೆಯ ಪತ್ರಗಳೂ ಸಮಸಂಖ್ಯೆಯಲ್ಲಿ ಬರುವುದಾದರೆ, ಆ ಪದವಿರುವ ಹೊಸ ಪತ್ರವು ಕಸವಾಗಿರುವ ಸಂಭವ 102ರಲ್ಲಿ 100, ಅಂದರೆ ಸುಮಾರು 98 ಪ್ರತಿಶತ. ಅದೇ ಪತ್ರದಲ್ಲಿ ‘ಹಾಜರಾತಿ’ ಎಂಬ ಪದವೂ ಇದ್ದು, ಅದರ ಸಂಭವ ಕೇವಲ 10 ಪ್ರತಿಶತವಾಗಿದ್ದರೆ, ಎರಡನ್ನೂ ಕೂಡಿಸಿ ಎಣಿಸಿದಾಗ ಒಟ್ಟು ಸಂಭವ 85 ಪ್ರತಿಶತದಷ್ಟಕ್ಕೆ ಇಳಿಯುತ್ತದೆ. ಪದಗಳು ಹೆಚ್ಚಿದಂತೆ ತೀರ್ಪು ಸ್ಪಷ್ಟವಾಗುತ್ತಾ ಹೋಗುತ್ತದೆ. ಸ್ಪ್ಯಾಮ್‌ಅಸ್ಯಾಸಿನ್‌ನ ಬೇಯ್ಸ್ ಅಂಗವು ಕನಿಷ್ಠ 200 ಕಸ ಮತ್ತು 200 ಸಾಚಾ ಪತ್ರಗಳನ್ನು ಕಲಿಯುವವರೆಗೆ ಅಭಿಪ್ರಾಯ ಕೊಡುವುದೇ ಇಲ್ಲ. ಕಲಿತ ಮೇಲೂ ಅದರ ಅತ್ಯಂತ ಖಚಿತ ತೀರ್ಪಿಗೆ ಮೂಲ ಸಂರಚನೆಯಲ್ಲಿ ದೊರೆಯುವುದು ಐದಕ್ಕಿಂತ ಕಡಿಮೆ ಅಂಕ.

ಕಲಿಕೆಯ ಗುಣ ಕಲಿಸಿದವರ ಮೇಲೆ ನಿಂತಿದೆ. ತಾವೇ ಚಂದಾದಾರರಾದ ಅಂಗಡಿಯ ಪತ್ರಿಕೆ ಬೇಸರವಾಯಿತೆಂದು ಅದನ್ನು ಸ್ಪ್ಯಾಮ್ ಎಂದು ಗುರುತಿಸುವ ಬಳಕೆದಾರರು, ಆ ಅಂಗಡಿಯ ರಸೀದಿಗಳನ್ನೂ ಕಸದ ಕಡೆಗೆ ನೂಕುತ್ತಿರುತ್ತಾರೆ.

ವೈರಸ್ ಪರೀಕ್ಷೆ

ಲಗತ್ತುಗಳ ಪರೀಕ್ಷೆಗೆ ಮುಕ್ತ ತಂತ್ರಾಂಶ ವಲಯದಲ್ಲಿ ಹೆಚ್ಚು ಬಳಕೆಯಾಗುವುದು ಕ್ಲಾಮ್‌ಎವಿ. ಪೋಲೆಂಡಿನ ತೋಮಾಷ್ ಕೋಯ್ಮ್ ಆರಂಭಿಸಿದ ಈ ಯೋಜನೆ 2007ರಲ್ಲಿ ಸೋರ್ಸ್‌ಫೈರ್ ಕಂಪನಿಗೂ, 2013ರಲ್ಲಿ ಆ ಕಂಪನಿಯೊಂದಿಗೆ ಸಿಸ್ಕೋಗೂ ಸೇರಿತು. ತಿಳಿದಿರುವ ವೈರಸ್‌ಗಳ ಚಹರೆಗಳನ್ನು ಸ್ಮೃತಿಯಲ್ಲಿಟ್ಟುಕೊಂಡು ಪ್ರತಿಯೊಂದು ಲಗತ್ತನ್ನೂ ಅವುಗಳೊಂದಿಗೆ ಹೋಲಿಸುತ್ತದೆ. ಈ ಚಹರೆಪಟ್ಟಿಗೇ ಒಂದು ಗಿಗಾಬೈಟ್‌ಗೂ ಮೀರಿದ ಸ್ಮೃತಿ ಬೇಕಾಗುವುದರಿಂದ ಚಿಕ್ಕ ಬಾಡಿಗೆ ಸರ್ವರ್‌ಗಳಲ್ಲಿ ಇದನ್ನು ಸ್ಥಾಪಿಸಿದಾಗ ಯಂತ್ರವೇ ಉಸಿರುಗಟ್ಟುವುದುಂಟು. ಪಟ್ಟಿಯನ್ನು ಫ್ರೆಶ್‌ಕ್ಲಾಮ್ ಎಂಬ ಜೊತೆ ಕ್ರಮವಿಧಿ ನವೀಕರಿಸುತ್ತಿರುತ್ತದೆ.

ಪೊಟ್ಟಣ ಕಟ್ಟಿದ ಜಿಪ್ ಕಡತಗಳನ್ನು ಬಿಚ್ಚಿ ಒಳಗೂ ನೋಡಬೇಕು. ಇಲ್ಲಿ ಎರಡು ತೊಡಕುಗಳಿವೆ. ಕೆಲವು ಕಡತಗಳು ನೋಡಲು ಕೆಲವೇ ಕಿಲೋಬೈಟ್ ಇದ್ದು, ಬಿಚ್ಚಿದರೆ ಡಿಸ್ಕನ್ನೇ ತುಂಬಿಬಿಡುವಂತೆ ಹೆಣೆಯಲ್ಪಟ್ಟಿರುತ್ತವೆ. ಅದಕ್ಕಾಗಿ ಬಿಚ್ಚುವ ಆಳಕ್ಕೂ ಗಾತ್ರಕ್ಕೂ ಮಿತಿ ಹಾಕುತ್ತಾರೆ. ಇನ್ನೊಂದು, ಗುಪ್ತಪದದಿಂದ ಬೀಗ ಹಾಕಿದ ಜಿಪ್. 2004ರ ಬ್ಯಾಗಲ್ ಎಂಬ ವೈರಸ್ ತಳಿಗಳು ಬೀಗ ಹಾಕಿದ ಕಡತವನ್ನೂ ಅದರ ಕೀಲಿಯನ್ನೂ ಒಂದೇ ಪತ್ರದಲ್ಲಿ ಕಳುಹಿಸಿದವು. ಸರ್ವರ್‌ಗೆ ಒಳಗು ಕಾಣಲಿಲ್ಲ, ಓದುಗ ಮಾತ್ರ ಪತ್ರದಲ್ಲಿದ್ದ ಗುಪ್ತಪದವನ್ನು ವಿಧೇಯನಾಗಿ ಬರೆದು ತೆರೆದನು.

ಚಹರೆಪಟ್ಟಿಯಲ್ಲಿ ಇನ್ನೂ ಸೇರದ ಹೊಸ ವೈರಸ್‌ನ ಮುಂದೆ ಈ ವಿಧಾನ ಕುರುಡು. ಆದ್ದರಿಂದ ಚಾಲನೆಗೊಳ್ಳಬಲ್ಲ ಕಡತಗಳನ್ನು ಅವುಗಳ ವಿಸ್ತರಣೆಯನ್ನು ನೋಡಿಯೇ ನಿರಾಕರಿಸುವ ನಿಯಮವನ್ನೂ ಜೊತೆಗಿಡುತ್ತಾರೆ. ಇದು ಒರಟಾದ ನಿಯಮ, ಆದರೆ ಕಾಲೇಜು ಅಥವಾ ಕಚೇರಿಯೊಂದಕ್ಕೆ ಇ-ಅಂಚೆಯಲ್ಲಿ ಕ್ರಮವಿಧಿಗಳನ್ನು ತರಿಸಿಕೊಳ್ಳುವ ಅಗತ್ಯ ಅಪರೂಪ.

ಜೋಡಣೆ

ಸಾಧಾರಣ ಗಾತ್ರದ ಸಂಸ್ಥೆಯೊಂದು ತನ್ನದೇ ಸರ್ವರ್ ನಡೆಸುವಾಗ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್, ಕ್ಲಾಮ್‌ಎವಿ, ಸ್ಪ್ಯಾಮ್‌ಅಸ್ಯಾಸಿನ್ ಮತ್ತು ಡವ್‌ಕಾಟ್ ಇವುಗಳನ್ನು ಜೋಡಿಸುವುದು ಬಹುಕಾಲದ ರೂಢಿ. ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ 1998ರಲ್ಲಿ ಬಿಡುಗಡೆ ಮಾಡಿದ ಪೋಸ್ಟ್‌ಫಿಕ್ಸ್ ಬಾಗಿಲ ಕೆಲಸ ಮಾಡುತ್ತದೆ. ಡವ್‌ಕಾಟ್ ಅಂಚೆಪೆಟ್ಟಿಗೆಗಳನ್ನು ಕಾಯುತ್ತದೆ. ನಡುವೆ ದಲ್ಲಾಳಿಯಂತೆ ಅಮಾವಿಸ್ ಎಂಬ ತಂತ್ರಾಂಶವಿದ್ದು, ಅದು ಪೋಸ್ಟ್‌ಫಿಕ್ಸ್‌ನಿಂದ 10024ನೆಯ ಪೋರ್ಟ್‌ನಲ್ಲಿ ಪತ್ರ ಪಡೆದು, ವೈರಸ್ ಮತ್ತು ಸ್ಪ್ಯಾಮ್ ಪರೀಕ್ಷೆಗಳಿಗೆ ಒಪ್ಪಿಸಿ, ಪಾಸಾದುದನ್ನು 10025ರಲ್ಲಿ ಹಿಂದಿರುಗಿಸುತ್ತದೆ. ಈಚಿನ ವರ್ಷಗಳಲ್ಲಿ ಈ ಕೆಲಸಗಳಲ್ಲಿ ಹಲವನ್ನು ಒಂದೆಡೆ ಮಾಡುವ, ವೇಗವಾದ ಆರ್‌ಸ್ಪ್ಯಾಮ್‌ಡಿ ಎಂಬ ತಂತ್ರಾಂಶದತ್ತ ಅನೇಕರು ಹೊರಳಿದ್ದಾರೆ.

ಮೊದಲು ಯಾವ ಶೋಧನೆಯೂ ಇಲ್ಲದೆ ಪತ್ರ ಬರುವುದು, ಹೋಗುವುದು ಸರಿಯಿದೆಯೆಂದು ಖಚಿತಪಡಿಸಿಕೊಂಡ ನಂತರವೇ ಒಂದೊಂದಾಗಿ ಪರೀಕ್ಷೆಗಳನ್ನು ಸೇರಿಸುವುದು ಲೇಸು. ಎಲ್ಲವನ್ನೂ ಒಮ್ಮೆಗೇ ಸ್ಥಾಪಿಸಿದವರಿಗೆ ಪತ್ರ ನಿಂತಾಗ ಎಲ್ಲಿ ನಿಂತಿತೆಂಬುದೇ ತಿಳಿಯುವುದಿಲ್ಲ. ಗುರುತು ಪರಿಚಯವಿಲ್ಲದವರ ಪತ್ರಗಳನ್ನು ಬೇರೆಡೆಗೆ ಸಾಗಿಸುವ ‘ತೆರೆದ ರವಾನೆ’ ಸರ್ವರ್‌ನಲ್ಲಿ ಇರಕೂಡದು. ಇದ್ದರೆ ಬಹಳ ಬೇಗ ಸ್ಪ್ಯಾಮ್ ಕಳುಹಿಸುವವರು ಅದನ್ನು ಕಂಡುಹಿಡಿದು ಬಳಸಿಕೊಳ್ಳುತ್ತಾರೆ, ಸರ್ವರ್ ಕಪ್ಪುಪಟ್ಟಿ ಸೇರುತ್ತದೆ. ಸಂಸ್ಥೆಯ ಬಳಕೆದಾರರು 587 ಅಥವಾ 465ನೆಯ ಪೋರ್ಟ್‌ನಲ್ಲಿ ಗುಪ್ತಪದ ಕೊಟ್ಟು ಮಾತ್ರ ಹೊರಗಿನ ವಿಳಾಸಗಳಿಗೆ ಕಳುಹಿಸುವಂತಿರಬೇಕು.

ಪರೀಕ್ಷೆಗೆ ನಿಜವಾದ ವೈರಸ್ ಬೇಕಿಲ್ಲ. ಐಕಾರ್ ಎಂಬ 68 ಅಕ್ಷರಗಳ ನಿರಪಾಯಕಾರಿ ಸಾಲನ್ನು ಬಹುತೇಕ ಎಲ್ಲ ವೈರಸ್ ಶೋಧಕಗಳೂ ಒಪ್ಪಂದದಂತೆ ವೈರಸ್ ಎಂದೇ ಪರಿಗಣಿಸುತ್ತವೆ. ಸ್ಪ್ಯಾಮ್ ಪರೀಕ್ಷೆಗೆ ಜಿಟ್ಯೂಬ್ ಎಂಬ ಸಾಲಿದೆ. ಸ್ಪ್ಯಾಮ್‌ಅಸ್ಯಾಸಿನ್ ಅದಕ್ಕೆ 1000 ಅಂಕ ಕೊಡುತ್ತದೆ.

ಶೋಧಕವೇ ಕೆಟ್ಟು ನಿಂತರೆ ಏನಾಗಬೇಕೆಂಬುದನ್ನೂ ಮೊದಲೇ ನಿರ್ಧರಿಸಬೇಕು. 2010ರ ಏಪ್ರಿಲ್‌ನಲ್ಲಿ ಕ್ಲಾಮ್‌ಎವಿ ತಂಡವು ಮುನ್ಸೂಚನೆ ನೀಡಿ, 0.94 ಮತ್ತು ಅದಕ್ಕೂ ಹಳೆಯ ಆವೃತ್ತಿಗಳನ್ನು ಚಹರೆಪಟ್ಟಿಯ ಮೂಲಕವೇ ನಿಷ್ಕ್ರಿಯಗೊಳಿಸಿತು. ಸೂಚನೆಯನ್ನು ಓದದವರ ಸರ್ವರ್‌ಗಳಲ್ಲಿ ಅಂಚೆ ಸ್ಥಗಿತವಾಯಿತು. ಪರೀಕ್ಷಿಸದೆ ಒಳಬಿಡುವುದು ಅಪಾಯಕರ, ತಿರಸ್ಕರಿಸುವುದು ಅನ್ಯಾಯ. 4ರ ಸರಣಿಯ ಉತ್ತರ ಕೊಟ್ಟು ಕಳುಹಿಸುವ ಸರ್ವರ್ ಪತ್ರವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವಂತೆ ಮಾಡುವುದು ಮಧ್ಯಮ ಮಾರ್ಗ. ಬಹುತೇಕ ಸರ್ವರ್‌ಗಳು ಹಲವು ದಿನಗಳವರೆಗೆ ಮರುಪ್ರಯತ್ನ ಮಾಡುವುದರಿಂದ ದುರಸ್ತಿಗೆ ಕಾಲಾವಕಾಶ ಸಿಗುತ್ತದೆ.

ತಿರಸ್ಕಾರ, ಪ್ರತ್ಯೇಕವಾಸ ಮತ್ತು ಮೌನ

ಸ್ಪ್ಯಾಮ್ ಎಂದು ತೀರ್ಮಾನವಾದ ಪತ್ರವನ್ನು ಏನು ಮಾಡಬೇಕು? ಸಂಭಾಷಣೆ ಮುಗಿಯುವ ಮೊದಲೇ 5ರ ಸರಣಿಯ ಉತ್ತರ ಕೊಟ್ಟು ನಿರಾಕರಿಸಿದರೆ ಪತ್ರದ ಜವಾಬ್ದಾರಿ ಕಳುಹಿಸಿದ ಸರ್ವರ್‌ನಲ್ಲಿಯೇ ಉಳಿಯುತ್ತದೆ. ಅದು ಸಾಚಾ ಸರ್ವರ್ ಆಗಿದ್ದರೆ ‘ನಿಮ್ಮ ಪತ್ರ ತಲುಪಲಿಲ್ಲ’ ಎಂದು ತನ್ನ ಬಳಕೆದಾರನಿಗೆ ತಿಳಿಸುತ್ತದೆ. ಆತ ದೂರವಾಣಿ ಮಾಡಬಹುದು, ಬೇರೆ ವಿಳಾಸದಿಂದ ಬರೆಯಬಹುದು. ಸ್ಪ್ಯಾಮ್ ಯಂತ್ರವಾಗಿದ್ದರೆ ಯಾರಿಗೂ ಏನೂ ಹೋಗುವುದಿಲ್ಲ.

250 ಎಂದು ಒಪ್ಪಿಕೊಂಡ ಮೇಲೆ ಪರೀಕ್ಷಿಸಿ, ಆಮೇಲೆ ‘ನಿಮ್ಮ ಪತ್ರದಲ್ಲಿ ವೈರಸ್ ಇದೆ’ ಎಂದು ಹಿಂದಿರುಗಿಸುವುದು ಒಂದು ಕಾಲದಲ್ಲಿ ಸೌಜನ್ಯವೆನಿಸಿತ್ತು. ಲಕೋಟೆಯ ಮೇಲಿನ ವಿಳಾಸ ಖೋಟಾ ಆಗಿರುವುದರಿಂದ ಆ ಎಚ್ಚರಿಕೆಗಳು ಏನೂ ತಿಳಿಯದ ಮೂರನೆಯವರ ಪೆಟ್ಟಿಗೆ ತುಂಬುತ್ತವೆ. 2003ರ ಸೋಬಿಗ್ ಹಾಗೂ 2004ರ ಮೈಡೂಮ್ ವೈರಸ್‌ಗಳು ಹರಡಿದಾಗ ವೈರಸ್‌ನಷ್ಟೇ ಈ ಮರುಪತ್ರಗಳೂ ಕಾಟ ಕೊಟ್ಟವು. ಈಗ ಇದನ್ನು ದೋಷಯುಕ್ತ ಸಂರಚನೆ ಎಂದೇ ಪರಿಗಣಿಸಲಾಗುತ್ತದೆ.

ಮೂರನೆಯ ದಾರಿ, ಒಪ್ಪಿಕೊಂಡು ಸದ್ದಿಲ್ಲದೆ ಎಸೆಯುವುದು. ವೈರಸ್ ಎಂದು ಖಚಿತವಾದುದಕ್ಕೆ ಇದು ಸಲ್ಲಬಹುದು. ಅಂಕಗಳ ಅಂದಾಜಿನಿಂದ ಸ್ಪ್ಯಾಮ್ ಎನಿಸಿದ ಪತ್ರಕ್ಕೆ ಇದನ್ನು ಅನ್ವಯಿಸುವುದು ಸಹಿ ಹಾಕಿ ಪಡೆದ ರಿಜಿಸ್ಟರ್ ಪತ್ರವನ್ನು ಓದದೆ ಹರಿದು ಹಾಕಿದಂತೆ. ಹಾಗಾಗಿ ಅಂಕ ಬಹಳ ಹೆಚ್ಚಿರುವುದನ್ನು ಬಾಗಿಲಲ್ಲಿ ನಿರಾಕರಿಸಿ, ಮಧ್ಯದ ಅಂಕದವನ್ನು ಗುರುತು ಹಾಕಿ ಬಳಕೆದಾರನ ‘ಸ್ಪ್ಯಾಮ್’ ಕಡತಕೋಶಕ್ಕೆ ಸೇರಿಸುವುದು ಒಪ್ಪತಕ್ಕ ಪದ್ಧತಿ. ಡವ್‌ಕಾಟ್‌ನಲ್ಲಿ ಸೀವ್ ಎಂಬ ನಿಯಮಭಾಷೆ ಈ ಕೆಲಸ ಮಾಡುತ್ತದೆ. ಕೋಶವಿರುವುದು ಬಳಕೆದಾರರಿಗೆ ತಿಳಿದಿರಬೇಕು, ಅವರು ಆಗಾಗ ಅದನ್ನು ತೆರೆದು ನೋಡಬೇಕು. ಇಲ್ಲವಾದರೆ ಅದಕ್ಕೂ ಮೌನ ವಿಲೇವಾರಿಗೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ.

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಉಂಟುಮಾಡುವ ಅಥವಾ ಮೂಲವನ್ನು ಮರೆಮಾಚುವ ಇ-ಅಂಚೆಯೂ ಅಪರಾಧವಾಗಿತ್ತು. ಆ ಕಲಮು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಗೊಳಿಸಿತು. ಅಮೆರಿಕದಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯಿದೆ. ಕಾನೂನಿಗಿಂತ ಸರ್ವರ್‌ನ ಬಾಗಿಲೇ ಹೆಚ್ಚು ಸ್ಪ್ಯಾಮ್ ತಡೆದಿದೆ ಎನ್ನಲು ಅಡ್ಡಿಯಿಲ್ಲ.

ಕನ್ನಡ ಪತ್ರಗಳು

ಹೆಚ್ಚಿನ ನಿಯಮಗಳು ಇಂಗ್ಲಿಷ್ ಪತ್ರಗಳನ್ನು ಮನಸ್ಸಿನಲ್ಲಿಟ್ಟು ರಚಿತವಾಗಿವೆ. ಯೂನಿಕೋಡ್ ವ್ಯಾಪಕವಾಗುವ ಮೊದಲು ‘ನುಡಿ’ ಅಥವಾ ‘ಬರಹ’ದ ಹಳೆಯ ಫಾಂಟ್‌ಗಳಲ್ಲಿ ಬರೆದ ಪತ್ರವು ಫಾಂಟ್ ಇಲ್ಲದ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಮಾಲೆಯಾಗಿ ಕಾಣುತ್ತಿತ್ತು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಗುಣಿತಾಕ್ಷರ, ಒತ್ತಕ್ಷರಗಳಲ್ಲಿ ಒಂದಕ್ಕಿಂತ ಹೆಚ್ಚು ಸಂಕೇತಗಳಿರುತ್ತವೆ. ‘ವಿಶ್ವವಿದ್ಯಾಲಯ’ ಎಂಬ ಪದದಲ್ಲಿ 13 ಸಂಕೇತಗಳು, ಅಂದರೆ 39 ಬೈಟ್‌ಗಳಿವೆ. ಅದೇ ಅರ್ಥದ ಇಂಗ್ಲಿಷ್ ಪದಕ್ಕೆ 10 ಸಾಕು. ಪದದ ಉದ್ದವನ್ನು ಬೈಟ್‌ಗಳಲ್ಲಿ ಎಣಿಸುವ ಶೋಧಕಗಳು ಇಂತಹ ಪದವನ್ನು ಅತಿ ಉದ್ದವೆಂದು ಭಾವಿಸಿ ತುಂಡರಿಸುತ್ತವೆ. ತುಂಡಾದ ಮೇಲೆ ‘ವಿಶ್ವವಿದ್ಯಾಲಯ’ಕ್ಕೂ ‘ವಿಶ್ವಾಸ’ಕ್ಕೂ ಭೇದ ಮಸುಕಾಗುತ್ತದೆ.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುವುದು ಇನ್ನೊಂದು ಸಂಗತಿ. ‘ಬಹುಮಾನ’, ‘ಬಹುಮಾನವನ್ನು’, ‘ಬಹುಮಾನಕ್ಕಾಗಿ’ ಇವು ಬೇಯ್ಸ್ ಶೋಧಕದ ಎಣಿಕೆಯಲ್ಲಿ ಮೂರು ಬೇರೆ ಬೇರೆ ಪದಗಳು. ಒಂದೊಂದಕ್ಕೂ ಸಾಕಷ್ಟು ಮಾದರಿ ಸಿಗಲು ಹೆಚ್ಚು ಪತ್ರಗಳ ಕಲಿಕೆ ಬೇಕಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ವ್ಯವಹರಿಸುವ ಸಂಸ್ಥೆಗಳು ಸ್ಪ್ಯಾಮ್ ಮಾದರಿಗಳನ್ನಷ್ಟೇ ಅಲ್ಲ, ತಮ್ಮ ಸಾಚಾ ಕನ್ನಡ ಪತ್ರಗಳನ್ನೂ ಶೋಧಕಕ್ಕೆ ಕಲಿಸುವುದು ಅವಶ್ಯ. ಅನೇಕರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುತ್ತಾರೆ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಅನುಮತಿಸಿದ ಲಿಪಿ ಮತ್ತು ಭಾಷೆಗಳನ್ನು ಸೂಚಿಸುವ ಸಂರಚನೆಯಿದ್ದು, ಅದನ್ನು ಇಂಗ್ಲಿಷ್‌ಗಷ್ಟೇ ಸೀಮಿತಗೊಳಿಸಿ ಬಿಗಿಮಾಡುವುದು ಇಲ್ಲಿನ ಸರ್ವರ್‌ಗಳಿಗೆ ಹೊಂದುವುದಿಲ್ಲ.

ವಿಳಾಸವೇ ಕನ್ನಡದಲ್ಲಿರುವ ಪತ್ರಗಳಿಗೆ 2012ರ ಆರ್‌ಎಫ್‌ಸಿ 6531 ಅವಕಾಶ ಕಲ್ಪಿಸಿತು; ‘.ಭಾರತ’ ಎಂಬ ಕನ್ನಡ ಲಿಪಿಯ ಡೊಮೇನ್ ಕೂಡ ಇದೆ. ಪೋಸ್ಟ್‌ಫಿಕ್ಸ್ 3.0ರಿಂದ ಇದಕ್ಕೆ ಬೆಂಬಲವಿದೆಯಾದರೂ, ಪತ್ರ ಸಾಗುವ ದಾರಿಯ ಪ್ರತಿಯೊಂದು ಸರ್ವರ್ ಮತ್ತು ಶೋಧಕವೂ ಅದನ್ನು ಅರಿತಿರಬೇಕಾಗುತ್ತದೆ. ಅರಿಯದ ಒಂದು ಸರ್ವರ್ ನಡುವೆ ಇದ್ದರೂ ಪತ್ರ ಅಲ್ಲಿಂದ ಮುಂದೆ ಹೋಗುವುದಿಲ್ಲ.